ಮಾರಮ್ಮನ ಗುಡಿ ಸುತ್ತುವ ಬಸ್ಸು

ಬಿಸಿ ಡೀಸೆಲ್ಲು, ಉರಿದು ಆರಿದ ಕರ್ಪೂರ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು. ಈ ಮೂರೂ ಸೇರಿದ ವಾಸನೆ ಆಯುಧಪೂಜೆಯ ದಿನ ಬೆಂಗಳೂರಿನ ಯಾವ ಬಸ್ ನಿಲ್ದಾಣದಲ್ಲಾದರೂ ಸಿಗುತ್ತದೆ. ಹೋದ ವರ್ಷ ಅದು ನನಗೆ ಸಿಕ್ಕಿದ್ದು ಪೀಣ್ಯದಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿಕೊಂಡು ಮನೆಗೆ ಹೊರಟಿದ್ದೆ. ತಲೆಯ ಮೇಲೆ ಸೇತುವೆ, ಅದರಾಚೆ ಮೆಟ್ರೋ. ಯಾವ ಕಡೆ ತಿರುಗಿದರೂ ಗುರುತು ಹತ್ತುವಂಥದ್ದು ಏನೂ ಇರಲಿಲ್ಲ. ಅಷ್ಟರಲ್ಲಿ ಮುಂಭಾಗಕ್ಕೆ ಬಾಳೆಕಂದು ಕಟ್ಟಿಕೊಂಡ ಬಸ್ಸೊಂದು ಬಂದು ನಿಂತಿತು. ಫಲಕದಲ್ಲಿ ‘ಗೌರನಪಾಳ್ಯ’ ಎಂದಿತ್ತು. ನನ್ನ ಮನೆ ಆ ದಿಕ್ಕಿನಲ್ಲಿಲ್ಲ. ಆದರೂ ಹತ್ತಿದೆ.

ಗೌರನಪಾಳ್ಯದಲ್ಲಿ ನಾನೊಂದು ಮಳೆಗಾಲ ಕಳೆದಿದ್ದೆ. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಎಂಬತ್ತೊಂದೋ ಎಂಬತ್ತೆರಡೋ ಎಂದು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ. ಬೇರೆಯವರ ಮಾತನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತ್ತು. ನನ್ನ ನೆನಪನ್ನೇ ಅನುಮಾನಿಸುವುದನ್ನು ವಯಸ್ಸು ಕಲಿಸಿದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕೂಡಿಸಿಕೊಂಡದ್ದು ಎಂಬುದು ನನಗೂ ಪೂರ್ತಿ ಗೊತ್ತಿಲ್ಲ.

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಕ್ಯಾಂಪಸ್ಸಿನಲ್ಲಿ ನಮ್ಮದೊಂದು ಚರ್ಚಾಕೂಟವಿತ್ತು. ಪ್ರತಿ ಶನಿವಾರ ಸೇರುತ್ತಿದ್ದೆವು, ಕರಪತ್ರ ಬರೆಯುತ್ತಿದ್ದೆವು, ಬರೆದದ್ದರಲ್ಲಿನ ಒಂದು ಪದಕ್ಕಾಗಿ ಮುಂದಿನ ಶನಿವಾರ ಜಗಳವಾಡುತ್ತಿದ್ದೆವು. ಜನ ಎನ್ನುವ ಮಾತು ಪ್ರತಿ ಸಲವೂ ಬರುತ್ತಿತ್ತು, ಜನ ಮಾತ್ರ ಎಂದೂ ಬರುತ್ತಿರಲಿಲ್ಲ. ನನಗೆ ಬೇಸರ ಹತ್ತಿತು. ಅದೇ ಹೊತ್ತಿಗೆ ಗೆಳೆಯ ನರಹರಿ ಒಂದು ಸುದ್ದಿ ತಂದ. ಪೀಣ್ಯದ ಹಿಂಬದಿಯ ಹಳ್ಳಿಗಳಲ್ಲಿ ಯಾವುದೋ ಗುಂಪು ಕೆಲಸ ಮಾಡುತ್ತಿದೆಯಂತೆ, ಕಾರ್ಖಾನೆಯವರೂ ಊರಿನವರೂ ಒಟ್ಟಿಗೆ ಸೇರಿದ್ದಾರಂತೆ, ಹೆಸರು ಯಾರಿಗೂ ಗೊತ್ತಿಲ್ಲವಂತೆ. “ಹೋಗಿ ಹುಡುಕು. ಇದ್ರೆ ಸೇರ್ಕೋ, ಇಲ್ದಿದ್ರೆ ಇಲ್ಲ ಅಂತ ಬರಿ,” ಎಂದ. ಪೀಣ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಗಡ್ಡ, ಜುಬ್ಬಾ, ಹೆಗಲಿಗೊಂದು ಜೋಳಿಗೆ. ಮುಂಗಾರಿನ ಮೊದಲ ಮಳೆಗೆ ನಾನು ಗೌರನಪಾಳ್ಯದಲ್ಲಿದ್ದೆ.

ಊರು ಆಗ ಎರಡು ಮನಸ್ಸಿನಲ್ಲಿತ್ತು. ರಾಗಿ ಹೊಲಗಳ ಅರ್ಧವನ್ನು ಗೃಹನಿರ್ಮಾಣ ಸಂಘವೊಂದು ಕೊಂಡು ಲೇಔಟ್ ಮಾಡಿತ್ತು. ಸೈಟಿನ ನಂಬರು ಕೊರೆದ ಕಲ್ಲುಗಳ ನಡುವೆ ಊರಿನ ಹಸುಗಳು ಇನ್ನೂ ಮೇಯುತ್ತಿದ್ದವು. ಅಲ್ಲೊಂದು ಇಲ್ಲೊಂದು ತಾರಸಿ ಮನೆ, ಕಾಂಪೌಂಡಿನ ಒಳಗೆ ಗುಲಾಬಿ ಕುಂಡ. ಲೇಔಟಿನಿಂದ ಊರಿಗೆ ಬರಲು ಒಂದು ನೀಲಗಿರಿ ತೋಪು ದಾಟಬೇಕು. ಬೀಸು ನಡಿಗೆಯಲ್ಲೂ ಅರ್ಧ ಗಂಟೆಯ ದಾರಿ. ಜಮೀನು ಮಾರಿದ ಊರವರು ಹಿತ್ತಿಲಿನಲ್ಲಿ ಶೀಟು ಹೊದಿಸಿದ ಸಾಲು ರೂಮುಗಳನ್ನು ಕಟ್ಟಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ನನ್ನ ರೂಮು ಆಂಜಿನಪ್ಪನವರ ಹಿತ್ತಿಲಲ್ಲಿತ್ತು. ಮಳೆ ಬಂದರೆ ಶೀಟಿನ ಮೇಲಿನ ಸದ್ದಿನಲ್ಲಿ ನನ್ನ ಯೋಚನೆ ನನಗೇ ಕೇಳುತ್ತಿರಲಿಲ್ಲ.

ಬಂದ ಮೊದಲ ಸಂಜೆಯೇ ಆಂಜಿನಪ್ಪನವರನ್ನು ಕೇಳಿದೆ.

“ಈ ಕಡೆ ಸಂಘ, ಸಂಘಟನೆ ಅಂತ ಏನಾದ್ರೂ ಇದೆಯಾ ಗೌಡ್ರೇ?”

“ಸಂಘಾನಾ? ಐತಲ್ಲ ಸಾರ್, ಆಲಿನ ಸಂಘ. ಬೆಳಿಗ್ಗೆ ಸಾಯಂಕಾಲ ಊರೋರೆಲ್ಲ ಅಲ್ಲೇ ಇರ್ತಾರೆ.”

“ಅದಲ್ಲ. ಜನರಿಗೋಸ್ಕರ ಹೋರಾಟ ಮಾಡೋ ಅಂಥದ್ದು.”

“ಓರಾಟ ಆಲಿನ ಸಂಘದಾಗೇ ದಿನಾ ಆಯ್ತದೆ ಸಾರ್. ಅವ್ನು ನೀರಾಕವ್ನೆ, ಇವ್ನು ನೀರಾಕವ್ನೆ ಅಂತ,” ಎಂದು ಅವರು ಹೆಗಲ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು ನಕ್ಕರು.

ಇವರಿಗೆ ಅರ್ಥವಾಗಲಿಲ್ಲ ಎಂದುಕೊಂಡು ನಾನು ಬೇರೆಯವರನ್ನು ಕೇಳಲು ಶುರುಮಾಡಿದೆ. ಟೀ ಅಂಗಡಿಯಲ್ಲಿ ಕೇಳಿದೆ, ಕ್ಷೌರದಂಗಡಿಯಲ್ಲಿ ಕೇಳಿದೆ, ಸೈಕಲ್ ಶಾಪಿನಲ್ಲಿ ಕೇಳಿದೆ. ನಾನು ಒಳಗೆ ಕಾಲಿಟ್ಟರೆ ಟೀ ಅಂಗಡಿಯಲ್ಲಿ ಮಾತು ನಿಲ್ಲುತ್ತಿದ್ದುದನ್ನು ಗಮನಿಸಿದ್ದೆ. ಹೊಸಬನೆಂಬ ಸಂಕೋಚ ಎಂದುಕೊಂಡಿದ್ದೆ.

ಕಾರ್ಮಿಕ ಸಂಘದ ಕಚೇರಿ ಸೈಕಲ್ ಶಾಪಿನ ಹಿಂದೆಯೇ ಸಿಕ್ಕಿತು. ಒಂದು ಬೆಂಚು, ಒಂದು ಬಾವುಟ, ಶ್ರೀನಿವಾಸ ಎಂಬ ಕಾರ್ಯದರ್ಶಿ. ಒಳ್ಳೆಯ ಮನುಷ್ಯ. ಎರಡು ಸಲ ಕೆಲಸ ಕಳೆದುಕೊಂಡಿದ್ದ, ಎರಡು ಸಲವೂ ನಗುನಗುತ್ತಲೇ ಮತ್ತೊಂದು ಹುಡುಕಿಕೊಂಡಿದ್ದ. ನಾನು ಹುಡುಕುತ್ತಿದ್ದ ಗುಂಪಿನ ಬಗ್ಗೆ ಕೇಳಿದರೆ ಅವನೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಅಂಥ ಗುಂಪು ಇದ್ರೆ ನಂಗೆ ಗೊತ್ತಿರ್ತಿತ್ತು ಗುರು. ನಿಜ ಹೇಳು, ನಿನ್ನ ಯಾರು ಕಳ್ಸಿದ್ದು?”

“ಯಾರೂ ಇಲ್ಲ. ಗೆಳೆಯನೊಬ್ಬ ಹೇಳಿದ.”

“ಸರಿ ಬಿಡು, ಹೇಳ್ಬೇಡ,” ಎಂದು ಕಣ್ಣು ಮಿಟುಕಿಸಿ ಟೀ ತರಿಸಿದ.

ನನ್ನ ಹುಡುಕಾಟ ಹೀಗೆ ನಡೆದಿರುವಾಗ ದಿನ ಬೆಳಗಾಗುವ ಮೊದಲೇ ನನಗೆ ಎಚ್ಚರವಾಗುತ್ತಿದ್ದುದು ಬಸ್ಸಿನ ಹಾರ್ನಿಗೆ. ಕೆಂಪು ಬಸ್ಸು ತೋಪು ದಾಟಿ ಊರೊಳಗೆ ಬಂದು, ಮಾರಮ್ಮನ ಗುಡಿಯ ಸುತ್ತ ಒಂದು ಸುತ್ತು ಹಾಕಿ ಮುಖ ತಿರುಗಿಸಿ ನಿಲ್ಲುತ್ತಿತ್ತು. ಬಸ್ಸು ತಿರುಗಿಸುವಷ್ಟು ಜಾಗ ಊರಿನಲ್ಲಿ ಅಲ್ಲಿ ಮಾತ್ರ ಇತ್ತು. ಡ್ರೈವರ್ ಖಾದರ್ ಸಾಹೇಬರು ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಟಿಫಿನ್ ಡಬ್ಬಿ ಹಿಡಿದ ಹೆಂಗಸರು ಓಡುತ್ತಿದ್ದರು. ಅವರಲ್ಲಿ ಆಂಜಿನಪ್ಪನವರ ಮಗಳು ರತ್ನಳೂ ಒಬ್ಬಳು. ಎಸ್ಸೆಸ್ಸೆಲ್ಸಿ ಮುಗಿಸಿ ರೇಡಿಯೋ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಮೊದಲ ಪಾಳಿಗೆ ಹೋಗುತ್ತಿದ್ದಳು. ಊರಿನಿಂದ ಕಾರ್ಖಾನೆ ಕೆಲಸಕ್ಕೆ ಹೋದ ಮೊದಲ ಹುಡುಗಿ ಅವಳೇ ಎಂದು ನೆನಪು. ಉಳಿದವರು ಅವಳನ್ನು ನೋಡಿ ಹೊರಟವರು. ಕಳಿಸುವ ಮುಂಚೆ ಆಂಜಿನಪ್ಪ ಒಂದು ಷರತ್ತು ಹಾಕಿದ್ದರು. ಬಸ್ಸು ಊರೊಳಗೆ ಬರುವ ತನಕ ಕೆಲಸ. ಕತ್ತಲಲ್ಲಿ ಒಬ್ಬಳೇ ತೋಪು ದಾಟುವುದಿದ್ದರೆ ಅವತ್ತೇ ಬಂದ್. ನೆಲಮಂಗಲದ ಕಡೆಯ ಗಂಡೊಂದನ್ನು ಅವರು ಆಗಲೇ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಆಷಾಢದ ಗಾಳಿ ಎದ್ದ ದಿನಗಳವು. ತುಂತುರು ಮಳೆ ನಿಲ್ಲುತ್ತಲೂ ಇರಲಿಲ್ಲ, ಜೋರಾಗುತ್ತಲೂ ಇರಲಿಲ್ಲ. ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತಿತ್ತು. ಒಂದು ಸೋಮವಾರ ಹಾರ್ನ್ ಕೇಳಲಿಲ್ಲ. ಮಳೆಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಹೊರಗೆ ಬಂದರೆ ಹೆಂಗಸರು ಗುಡಿಯ ಮುಂದೆ ಛತ್ರಿ ಹಿಡಿದು ನಿಂತೇ ಇದ್ದರು. ಬಸ್ಸು ಬರಲಿಲ್ಲ. ಲೇಔಟಿನ ಸರ್ಕಲ್ಲಿನಲ್ಲೇ ತಿರುಗಿಕೊಂಡು ಹೋಯಿತೆಂದು ಆಮೇಲೆ ತಿಳಿಯಿತು. ಇನ್ನು ಮೇಲೆ ಅದೇ ಕೊನೆಯ ಸ್ಟಾಪಂತೆ.

ಅವತ್ತು ಸಂಜೆ ಆಂಜಿನಪ್ಪ ಜಗಲಿಯ ಮೇಲೆ ಕೂತು, ಹಸುವಿನ ಹಗ್ಗ ಹೊಸೆಯುತ್ತಾ, ತಲೆಯೆತ್ತದೆ ಹೇಳಿದರು. “ಮಾತು ಅಂದ್ರೆ ಮಾತು ಕಣವ್ವ. ಬಸ್ಸು ನಿಂತೋಯ್ತು, ಕೆಲ್ಸಾನೂ ನಿಂತೋಯ್ತು.”

“ಅಪ್ಪಾ, ನಾವು ಗುಂಪಾಗಿ ನಡ್ಕೊಂಡು ಹೋಗ್ತೀವಿ.”

“ಗುಂಪು ಎಷ್ಟು ದಿನ ಇರ್ತದೆ? ಒಬ್ಳು ರಜಾ ಆಕ್ತಾಳೆ, ಒಬ್ಳಿಗೆ ಜ್ವರ ಬತ್ತದೆ. ಕೊನೀಗೆ ನೀನೊಬ್ಳೇ ಆಯ್ತೀಯ. ಬ್ಯಾಡ.”

ರತ್ನ ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನಗೆ ಕಾಫಿ ಹಿಡಿದು ಬಂದಳು. ಕಣ್ಣು ಒಣಗಿಯೇ ಇದ್ದವು.

“ಸಾರ್, ಬಂದಾಗ್ನಿಂದ ಸಂಘ ಹುಡುಕ್ತಾ ಇದ್ದೀರಲ್ಲ, ಸಿಕ್ತಾ?”

“ಇನ್ನೂ ಇಲ್ಲ.”

“ಸಿಕ್ಕಿದ್ರೆ ನಂಗೂ ಹೇಳಿ. ನಂಗೂ ಅವ್ರತ್ರ ಸ್ವಲ್ಪ ಕೆಲ್ಸ ಇದೆ. ಕಂಪನೀಲಿ ಜ್ವರ ಅಂತ ಹೇಳ್ಕಳ್ಸಿದ್ದೀನಿ. ಅದು ತುಂಬಾ ದಿನ ನಡಿಯಲ್ಲ, ಬೇರೆಯೋರನ್ನ ತಗೊಂಡ್ಬಿಡ್ತಾರೆ.”

ಮರುದಿನ ಶ್ರೀನಿವಾಸನ ಬಳಿ ಹೋದೆ. ಅವನು ಕೇಳಿ ಬೇಸರ ಮಾಡಿಕೊಂಡ. “ತಪ್ಪು ಗುರು, ಖಂಡಿತ ತಪ್ಪು. ಬೋನಸ್ಸಿನ ಗಲಾಟೆ ಒಂದು ದಡ ಸೇರ್ಲಿ. ದೀಪಾವಳಿ ಆದ್ಮೇಲೆ ಡಿಪೋಗೆ ನಿಯೋಗ ಹೋಗೋಣ,” ಎಂದ. ದೀಪಾವಳಿಗೆ ಇನ್ನೂ ತಿಂಗಳುಗಳಿದ್ದವು. ಅಲ್ಲಿಂದ ಲೇಔಟಿಗೆ ಹೋದೆ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ರಾಜಾರಾಯರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ವರಾಂಡದಲ್ಲಿ ಕೂರಿಸಿ ಒಳ್ಳೆಯ ಕಾಫಿ ಕೊಟ್ಟರು. ಬೀದಿದೀಪ ಹೇಗೆ ಬಂತು, ಅಂಚೆ ಡಬ್ಬಿ ಹೇಗೆ ಬಂತು, ಬಸ್ಸು ಹೇಗೆ ಬಂತು ಎಂದು ಒಂದೊಂದಾಗಿ ವಿವರಿಸಿದರು. ಎಲ್ಲರ ಸಹಿ ಹಾಕಿಸಿ ಮನವಿ, ಅದರ ಮೇಲೊಂದು ಜ್ಞಾಪನ, ಅದರ ಮೇಲೆ ಖುದ್ದು ಭೇಟಿ.

“ಬಸ್ಸು ಊರಿಗೆ ಹೋಗಿ ಬರೋದ್ರಲ್ಲಿ ನಮಗೆ ಆಫೀಸು ತಡ ಆಗ್ತಿತ್ತು ನೋಡಿ. ಆ ಕೆಸರಲ್ಲಿ ಬಸ್ಸು ಯಾಕೆ ಹೋಗ್ಬೇಕು ಹೇಳಿ? ಹಳ್ಳಿಯವರಿಗೆ ನಡೆದು ಅಭ್ಯಾಸ ಇರತ್ತೆ.”

“ಹೆಣ್ಣುಮಕ್ಕಳು ಕತ್ತಲಲ್ಲಿ ತೋಪು ದಾಟಬೇಕಲ್ಲ?”

“ನಾವು ರಾಜಕೀಯದವರಲ್ಲ ಸ್ವಾಮಿ, ನಮ್ಮದು ಬರೀ ಕ್ಷೇಮಾಭಿವೃದ್ಧಿ,” ಎಂದು ಅವರು ಕಪ್ಪು ಕೆಳಗಿಟ್ಟರು. “ಅದಿರಲಿ, ತಾವು ಯಾವ ಗ್ರೂಪಿನವರು?”

ಯಾವುದೂ ಅಲ್ಲ ಎಂದೆ. ಅವರು ನಂಬಲಿಲ್ಲ. ವಾಪಸು ಬರುತ್ತಾ ತೋಪಿನಲ್ಲಿ ನನಗೆ ನಗು ಬಂತು. ಒಗ್ಗಟ್ಟು, ಬೇಡಿಕೆ, ಒತ್ತಡ, ಗೆಲುವು ಎಂದು ಪುಸ್ತಕದಲ್ಲಿ ಓದಿದ್ದೆಲ್ಲ ಆ ವರಾಂಡದಲ್ಲಿ ಇತ್ತು. ನಾನು ಬಂದಾಗಿನಿಂದ ಹುಡುಕುತ್ತಿದ್ದ ರಾಜಕೀಯ ಗುಂಪು ಬಹುಶಃ ಇದೇ. ನರಹರಿಗೆ ಇದನ್ನು ಬರೆದರೆ ಅವನಿಗೆ ಹಿಡಿಸುವುದಿಲ್ಲ ಎಂದೂ ಅನ್ನಿಸಿತು.

ಆ ವಾರದಲ್ಲೇ ಒಂದು ಸಂಜೆ ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಮಾತು ನಡೆಯಿತು. ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದವರು ಒಬ್ಬೊಬ್ಬರಾಗಿ ಕೂತಿದ್ದರು. ಆಂಜಿನಪ್ಪನವರ ಅಕ್ಕ ಗಂಗಮ್ಮ ಗುಡಿಯ ಕಸ ಹೊಡೆದು ದೀಪ ಹಚ್ಚುವವರು. ಅವರು ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು, ಅವರ ಬಾಯಿಗೆ ತಮ್ಮನೂ ಹೆದರುತ್ತಿದ್ದರು. ಅವರು ಮಲ್ಲಿಗೆ ಕಟ್ಟುತ್ತಾ ಬಾಗಿಲ ಬಳಿ ಕೂತಿದ್ದರು. ನಾನು ಎದ್ದು ನಿಂತು ಸಣ್ಣ ಭಾಷಣವನ್ನೇ ಮಾಡಿದೆ. ರಸ್ತೆ ತಡೆ ಮಾಡಬೇಕು, ಬಸ್ಸಿನ ಮುಂದೆ ಕೂರಬೇಕು, ಆಗ ಮಾತ್ರ ಡಿಪೋಗೆ ಬಿಸಿ ತಟ್ಟುತ್ತದೆ ಎಂದು.

ಗಂಗಮ್ಮ ಹೂವಿನಿಂದ ಕಣ್ಣೆತ್ತಲಿಲ್ಲ. “ನಿಮ್ಗೇನು ಸಾರ್, ಪ್ಯಾಂಟು. ಎಲ್ಲಿ ಬೇಕಾದ್ರೂ ಮಲಿಕ್ಕಂತೀರ. ಸೀರೆ ಉಟ್ಕೊಂಡು ರೋಡಲ್ಲಿ ಬಿದ್ಕಂಡ್ರೆ ಪೋಲೀಸ್ನೋರು ಸುಮ್ಕೆ ಬಿಡ್ತಾರಾ?”

ಎಲ್ಲರೂ ನಕ್ಕರು. ಅವರೇ ಮುಂದುವರಿಸಿದರು. “ಬಸ್ಸು ನಮ್ಮೂರಿಗೆ ಮೊದಲ್ನೇ ದಿನ ಬಂದಾಗ ಬಾಳೆಕಂದು ಕಟ್ಟಿ, ಅಮ್ಮನ ಸುತ್ತ ಸುತ್ಸಿ, ಕಾಯಿ ಒಡ್ದಿದ್ವಿ. ವರ್ಸ ವರ್ಸಾನೂ ಮಾಡಿದ್ವಿ. ಈ ವರ್ಸ ಅದ್ಕೆ ಒಂದು ಪೂಜೇನೂ ಇಲ್ದಂಗಾಯ್ತು.”

ನನಗೆ ರೇಗಿತು. ಹುಡುಗಿಯೊಬ್ಬಳ ಕೆಲಸ ಹೋಗುತ್ತಿದೆ, ಇವರಿಗೆ ಬಸ್ಸಿನ ಪೂಜೆಯ ಚಿಂತೆ. ಏನೋ ಕುಹಕದ ಮಾತಾಡಿ ಎದ್ದು ರೂಮಿಗೆ ಬಂದೆ. ಏನು ಆಡಿದೆ ಎಂಬುದು ಎಷ್ಟು ಕೆದಕಿದರೂ ನೆನಪಿಗೆ ಬರುವುದಿಲ್ಲ. ನನ್ನ ಬೆನ್ನ ಹಿಂದೆ ಯಾರೂ ನಗಲಿಲ್ಲ ಎಂಬುದು ಮಾತ್ರ ನೆನಪಿದೆ.

ಶುಕ್ರವಾರ ಬೆಳಿಗ್ಗೆ ನಾನು ತೋಪು ದಾಟಿ ಲೇಔಟಿನ ಸರ್ಕಲ್ಲಿಗೆ ಬರುವಷ್ಟರಲ್ಲಿ ಊರಿನ ಹೆಂಗಸರು ಅಲ್ಲಿ ನೆರೆದಿದ್ದರು. ತಲೆಗೆ ನೀರು ಹಾಕಿಕೊಂಡಿದ್ದರು, ಕೈಯಲ್ಲಿ ತಟ್ಟೆಗಳಿದ್ದವು. ಆಫೀಸಿನ ಹೊತ್ತಿನ ಬಸ್ಸು ಬಂದು ನಿಂತದ್ದೇ ತಡ, ಗಂಗಮ್ಮ ಮುಂದೆ ಹೋಗಿ ರೇಡಿಯೇಟರಿಗೆ ಅರಿಶಿನ ಬಳಿದು ಕುಂಕುಮ ಇಟ್ಟರು. ಒಬ್ಬಳು ಗಾಜಿಗೆ ಹೂವಿನ ಹಾರ ಇಳಿಬಿಟ್ಟಳು. ನಾಲ್ಕು ಚಕ್ರದಡಿಯೂ ನಿಂಬೆಹಣ್ಣು ಬಂತು. ಖಾದರ್ ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿದರು.

“ಏನ್ರಮ್ಮಾ ಇದು, ಹಬ್ಬ ಅಲ್ಲ, ಏನಲ್ಲ? ಟೈಮ್ ಆಗ್ತದೆ ನಮ್ದು.”

“ಅರಕೆ ಸಾಬ್ರೇ. ಅಮ್ಮನ ಅರಕೆ. ಬೇಡ ಅಂದ್ರೆ ಏಳಿ, ಒಂಟೋಯ್ತೀವಿ.”

ಬೇಡ ಎನ್ನಲು ಯಾವ ಡ್ರೈವರಿಗೆ ಧೈರ್ಯ ಬರುತ್ತದೆ? ದಿನಕ್ಕೆ ನೂರು ಸಲ ಸಾವಿನ ಪಕ್ಕದಲ್ಲೇ ಸ್ಟೀರಿಂಗ್ ತಿರುಗಿಸುವ ಕೆಲಸ ಅದು. ಸಾಹೇಬರು ಎಂಜಿನ್ ಆರಿಸಿ, ಚಪ್ಪಲಿ ಒಳಗೇ ಬಿಟ್ಟು ಕೆಳಗಿಳಿದು ಕೈಕಟ್ಟಿ ನಿಂತರು. ಮಳೆ ಹನಿಯುತ್ತಿದ್ದರಿಂದ ಕರ್ಪೂರ ಹೊತ್ತುವುದು ತಡವಾಯಿತು. ಗಂಗಮ್ಮನಿಗೂ ಅಂಥ ಅವಸರವಿರಲಿಲ್ಲ. ಬೂದುಗುಂಬಳ ನಿವಾಳಿಸುವುದು, ಕಾಯಿ ಒಡೆಯುವುದು, ಒಬ್ಬೊಬ್ಬರಿಗೂ ಮಂಗಳಾರತಿ, ಒಬ್ಬೊಬ್ಬರಿಗೂ ಪ್ರಸಾದ. ಆಫೀಸಿಗೆ ಹೊರಟ ಲೇಔಟಿನವರು ಗಡಿಯಾರ ನೋಡಿಕೊಳ್ಳುತ್ತಾ ನಿಂತರು. ಅಷ್ಟರಲ್ಲಿ ರಾಜಾರಾಯರ ಹೆಂಡತಿಯೇ ಹೂವು ಹಣ್ಣು ಇಟ್ಟ ಬೆಳ್ಳಿ ತಟ್ಟೆ ಹಿಡಿದು ಗೇಟಿನಿಂದ ಬಂದರು. “ಶುಕ್ರವಾರ ಅಮ್ಮನೋರೇ ಮನೆ ಬಾಗಿಲಿಗೆ ಬಂದಿದ್ದಾರೆ, ಹೇಗೆ ಸುಮ್ಮನಿರೋದು?” ಎಂದು ಸೆರಗು ಹೊದ್ದು ನಿಂತರು. ರಾಯರು ಕರ್ಪೂರ ಆರದಂತೆ ತಟ್ಟೆಯ ಮೇಲೆ ತಮ್ಮ ಕಪ್ಪು ಛತ್ರಿ ಹಿಡಿದಿದ್ದರು ಎಂದು ನನಗೆ ನೆನಪು. ಅದು ನಿಜವಿರಲಾರದು ಎಂದೂ ಅನ್ನಿಸುತ್ತದೆ. ನಿಜವಾಗಿದ್ದರೆ ಚೆನ್ನ.

ಮಂಗಳವಾರ ಮತ್ತೆ ಪೂಜೆ. ಶುಕ್ರವಾರ ಮತ್ತೆ. ಹರಕೆ ಒಂದು ಮನೆಯದಲ್ಲ, ಊರಿನ ಪ್ರತಿ ಮನೆಯದೂ ಬೇರೆ ಬೇರೆ ಎಂದು ಗಂಗಮ್ಮ ವಿವರಿಸಿದರು. ಶ್ರಾವಣ ಹುಟ್ಟಿದ ಮೇಲೆ ಶನಿವಾರ, ಸೋಮವಾರಗಳೂ ಸೇರಿಕೊಂಡವು. ಒಂದು ದಿನ ಒಬ್ಬ ಆಫೀಸರು ತಾಳ್ಮೆ ಕೆಟ್ಟು, “ಇದು ಬಸ್ಸಾ, ಗರ್ಭಗುಡಿಯಾ?” ಎಂದು ಕೂಗಿದರು. ಪ್ರಸಾದದ ಕೋಸಂಬರಿ ಬಾಯಲ್ಲಿಟ್ಟುಕೊಂಡಿದ್ದ ಕಂಡಕ್ಟರ್, “ಟಿಕೆಟ್ ತಗೊಂಡ್ರೆ ಬಸ್ಸು ಸಾರ್, ತಗೊಳ್ದಿದ್ರೆ ಗುಡಿ,” ಎಂದ. ನನ್ನ ಕಾರ್ಖಾನೆಯಲ್ಲಿ ತಡವಾಗಿ ಬಂದವರ ಕಾರಣದ ಕಾಲಮ್ಮಿನಲ್ಲಿ ‘ಬಸ್ಸಿಗೆ ಪೂಜೆ’ ಎಂದು ನಾನೇ ಬರೆಯಬೇಕಾಯಿತು.

ನಾನು ಅಷ್ಟೂ ದಿನ ಒಂದು ಪಕ್ಕಕ್ಕೆ ನಿಂತು ನೋಡುತ್ತಿದ್ದೆ. ಇದು ಹೋರಾಟವೋ, ಭಕ್ತಿಯೋ? ಗಂಗಮ್ಮನ ಮುಖದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿ ಕೈಮುಗಿದಾಗ ಅವರ ತುಟಿ ನಿಜವಾಗಿಯೂ ಅಲುಗುತ್ತಿತ್ತು. ನನಗೆ ಗೊತ್ತಿದ್ದ ರಾಜಕೀಯದಲ್ಲಿ ಇದಕ್ಕೆ ಹೆಸರಿರಲಿಲ್ಲ. ಈ ಪ್ರಶ್ನೆಯ ಹಿಂದೆ ಬಿದ್ದು ನಾನು ರತ್ನಳನ್ನೇ ಮರೆತಿದ್ದೆನೇನೋ. ಅವಳು ಮಾತ್ರ ದಿನಾ ತಟ್ಟೆ ಹಿಡಿದು ಬಂದು, ಬಸ್ಸು ಹೋಗುವುದನ್ನು ನೋಡಿ ವಾಪಸು ಹೋಗುತ್ತಿದ್ದಳು. ಹತ್ತುತ್ತಿರಲಿಲ್ಲ. ಹತ್ತಿದರೆ ಅಪ್ಪನ ಮಾತು ಮೀರಿದಂತೆ. ಕಂಪನಿಯಿಂದ ಮೇಲ್ವಿಚಾರಕಿ ಹೇಳಿ ಕಳಿಸಿದ್ದರು, ತಿಂಗಳ ಕೊನೆಯೊಳಗೆ ಬಾರದಿದ್ದರೆ ಹೆಸರು ತೆಗೆಯುತ್ತಾರೆ ಎಂದು.

ಕೊನೆಗೆ ಡಿಪೋದಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಪೂಜೆ ಮುಗಿಯುವವರೆಗೆ ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತರು. ಆಮೇಲೆ ಮೆತ್ತಗೆ ಕೇಳಿದರು.

“ಏನಮ್ಮಾ ನಿಮ್ಮ ಹರಕೆ? ಯಾವಾಗ ತೀರತ್ತೆ?”

“ಬಸ್ಸು ಅಮ್ಮನ್ನ ಸುತ್ತಬೇಕು ಸಾಮಿ. ಅಲ್ಲೀಗಂಟ ಅದು ಬರಲ್ಲ ಅಂದ್ರೆ, ನಾವೇ ಅಮ್ಮನ್ನ ಇಲ್ಲೀಗಂಟ ತತ್ತೀವಿ. ನಮ್ಗೇನು ಬೇಜಾರಿಲ್ಲ.”

ಅಧಿಕಾರಿ ಗುಂಪನ್ನೊಮ್ಮೆ ನೋಡಿದರು. ಆ ನೋಟ ಎಲ್ಲರನ್ನೂ ದಾಟಿ ನನ್ನ ಮೇಲೆ ನಿಂತಿತು. ನೇರ ನನ್ನ ಬಳಿ ಬಂದರು.

“ತಾವು?”

“ನಾನು ಸುಮ್ಮನೆ ನೋಡ್ತಾ ಇದ್ದೀನಿ, ಅಷ್ಟೆ.”

“ಗೊತ್ತು ಸಾರ್,” ಎಂದರು ಅವರು. ನನ್ನ ಜೋಳಿಗೆಯನ್ನು ಒಮ್ಮೆ ನೋಡಿ, ಒಂಥರಾ ನಕ್ಕು ಜೀಪು ಹತ್ತಿದರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು ನನ್ನನ್ನು ಯಾಕೆ ಸಾರ್ ಎಂದರು ಎಂದು ಆಗ ಯೋಚಿಸಲಿಲ್ಲ.

ಆಮೇಲೆ ಕೆಲವೇ ದಿನಗಳಲ್ಲಿ, ಇನ್ನೂ ಮಬ್ಬುಗತ್ತಲಿರುವಾಗ, ಎರಡು ಸಲ ಹಾರ್ನ್ ಕೇಳಿತು. ನಾನು ಹೊರಗೆ ಓಡಿದೆ. ಬಸ್ಸು ಕೆಸರಿನಲ್ಲಿ ಓಲಾಡುತ್ತಾ ಗುಡಿಯ ಬಲಕ್ಕೆ ತಿರುಗಿ, ಹಿಂಬದಿಯಿಂದ ಬಳಸಿ, ಮುಂದೆ ಬಂದು ನಿಂತಿತು. ಊರಿಗೆ ಹಿಂದಿನ ರಾತ್ರಿಯೇ ಸುದ್ದಿ ಬಂದಿತ್ತೇನೋ, ಆಂಜಿನಪ್ಪ ಆಗಲೇ ಕಾಯಿ ಹಿಡಿದು ನಿಂತಿದ್ದರು. ಒಡೆದು ಒಂದು ಹೋಳನ್ನು ಖಾದರ್ ಸಾಹೇಬರ ಕೈಗೆ ಕೊಟ್ಟರು. ಆಮೇಲೆ ಮಗಳ ಕಡೆ ತಿರುಗಿದರು.

“ನಿಂತ್ಕಂಡು ಏನ್ ನೋಡ್ತೀಯ? ಓಗು. ಬಸ್ಸು ಬಂತಲ್ಲ.”

ರತ್ನ ಓಡಿದ ರಭಸಕ್ಕೆ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಚಿತ್ರಾನ್ನ ಮೆಟ್ಟಿಲ ಮೇಲೆ ಚೆಲ್ಲಿತು. ಅವಳು ಹಿಂದಿರುಗಿ ನೋಡಲಿಲ್ಲ.

ನಾನು ನರಹರಿಗೆ ಬರೆದೆ. ಇಲ್ಲಿ ಯಾವ ಗುಂಪೂ ಇಲ್ಲ, ಇರುವುದು ಮೂಢನಂಬಿಕೆ, ಅದಕ್ಕೆ ಆಶ್ಚರ್ಯಕರವಾದ ಶಕ್ತಿಯಿದೆ ಎಂದು. ದಸರೆ ಕಳೆದ ಮೇಲೆ ತುಮಕೂರಿನ ಕಡೆ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಹೊರಟುಬಿಟ್ಟೆ. ಬೀಳ್ಕೊಡಲು ಅಷ್ಟು ಜನ ಯಾಕೆ ಬಂದರು, ನನ್ನ ಟ್ರಂಕನ್ನು ಆಂಜಿನಪ್ಪನವರೇ ಯಾಕೆ ಹೊತ್ತರು ಎಂಬುದನ್ನು ಊರಿನ ಒಳ್ಳೆಯತನ ಎಂದುಕೊಂಡೆ.

ಹೋದ ವರ್ಷ ಹತ್ತಿದ ಬಸ್ಸು ನನ್ನನ್ನು ಗುರುತೇ ಹತ್ತದ ಬೀದಿಗಳಲ್ಲಿ ಕರೆದೊಯ್ಯಿತು. ತೋಪು ಇರಲಿಲ್ಲ. ಲೇಔಟ್ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಮುಂದೆ ನೇರ ದೊಡ್ಡ ರಸ್ತೆ ಕಾಣುತ್ತಿದ್ದರೂ ಬಸ್ಸು ಇದ್ದಕ್ಕಿದ್ದಂತೆ ಇಕ್ಕಟ್ಟಾದ ಗಲ್ಲಿಗೆ ತಿರುಗಿತು. ನಿಲ್ಲಿಸಿದ್ದ ಸ್ಕೂಟರುಗಳಿಗೆ ತಾಗದಂತೆ ಒಂದು ಸಣ್ಣ ಗುಡಿಯನ್ನು ಬಳಸಿ ಬಂದು ನಿಂತಿತು. ಗ್ರಾನೈಟು, ಬಣ್ಣದ ಗೋಪುರ ಹೊಸದು. ಸುತ್ತಿದ ಸುತ್ತು ಹಳೆಯದು.

“ನೇರ ಹೋಗಬಹುದಿತ್ತಲ್ಲ?” ಎಂದು ಕಂಡಕ್ಟರನ್ನು ಕೇಳಿದೆ.

“ರೂಟೇ ಹಂಗೆ ಸಾರ್. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.”

ಇಳಿದಾಗ ಗುಡಿಯ ಮುಂದೆ ಹೆಂಗಸರು ತಟ್ಟೆ ಹಿಡಿದು ಬಸ್ಸಿಗೇ ಕಾಯುತ್ತಿದ್ದರು. ಅವರಲ್ಲಿ ಕನ್ನಡಕದ, ನರೆತ ಕೂದಲಿನ ಒಬ್ಬರು ನನ್ನನ್ನು ದಿಟ್ಟಿಸಿ ನೋಡಿದರು.

“ಗಡ್ಡ ತೆಗೆದ್ಬಿಟ್ಟಿದ್ದೀರಿ ಸಾರ್. ಜೋಳಿಗೇನೂ ಇಲ್ಲ.”

ರತ್ನ. ಆಕೆ ಅದೇ ಕಂಪನಿಯಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಿಯಾಗಿದ್ದರು. ನೆಲಮಂಗಲದ ಗಂಡು ಬೇರೆಡೆ ಮದುವೆ ಮಾಡಿಕೊಂಡನಂತೆ. ಈಕೆ ಆಮೇಲೆ ಕಂಪನಿಯ ಸಹೋದ್ಯೋಗಿಯನ್ನೇ ಮದುವೆಯಾದರಂತೆ. ಆಂಜಿನಪ್ಪ, ಗಂಗಮ್ಮ ಇಬ್ಬರೂ ಈಗಿಲ್ಲ. ಇಷ್ಟು ವರ್ಷ ನನ್ನೊಳಗೆ ಉಳಿದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಅವತ್ತಿನ ಪೂಜೆ ಹರಕೆನಾ, ಉಪಾಯನಾ? ಯಾರು ಯೋಚನೆ ಮಾಡಿದ್ದು?”

ಆಕೆ ನನ್ನ ಮುಖವನ್ನೇ ನೋಡಿದರು. “ನೀವೇ ಅಲ್ವಾ ಸಾರ್?”

“ನಾನಾ?”

“ಕಟ್ಟೆ ಮೇಲೆ ಅಂದ್ರಲ್ಲ, ಸಿಟ್ಟು ಬಂದು. ‘ಹಂಗಾದ್ರೆ ದಿನಾ ಪೂಜೆ ಮಾಡ್ಕೊಂಡು ಕೂತ್ಕೊಳ್ಳಿ, ಪೂಜೆ ಮಾಡೋರನ್ನ ಯಾವ ಪೋಲೀಸೂ ಎಬ್ಬಿಸಲ್ಲ’ ಅಂತ. ನೀವು ಹೋದ್ಮೇಲೆ ಗಂಗಮ್ಮತ್ತೆ ಹೂವ ಕೆಳಗಿಟ್ಟು ಅಂದ್ರು, ಉಡುಗ ಸರ್ಯಾಗೇ ಏಳ್ದ ಅಂತ. ಮಾರ್ನೇ ದಿನ ಹಾಲಿನ ಸಂಘದಲ್ಲಿ ಕ್ಯೂ ನಿಂತಾಗ್ಲೇ ಯಾವ ವಾರ ಯಾರ ಮನೆ ಅಂತ ಮಾತಾಯ್ತು.”

ನಾನು ಹಾಗೆ ಅಂದಿದ್ದೆನೇ? ಅದು ನನ್ನ ಧಾಟಿಯೇ. ಆದರೆ ನೆನಪಿನ ಯಾವ ಮೂಲೆಯಲ್ಲೂ ಅದು ಸಿಗಲಿಲ್ಲ.

“ನಾನು ಅದನ್ನ ತಮಾಷೆಗೆ ಅಂದಿರ್ಬೇಕು.”

“ಅದು ನಮ್ಗೆ ಹೇಗೆ ಗೊತ್ತಾಗ್ಬೇಕು? ನೀವು ಯಾವುದೋ ದೊಡ್ಡ ಗುಂಪಿನೋರು, ಗುಟ್ಟಾಗಿ ಬಂದಿದ್ದೀರ, ಅದ್ಕೇ ಸಂಘ ಇದ್ಯಾ ಸಂಘ ಇದ್ಯಾ ಅಂತ ಎಲ್ರನ್ನೂ ಪರೀಕ್ಷೆ ಮಾಡ್ತಿದ್ದೀರ ಅಂತ ಊರೆಲ್ಲ ನಂಬಿತ್ತು. ರಾಜಾರಾಯರಂತೂ ಡಿಪೋಗೇ ಹೋಗಿ ಹೇಳಿದ್ರಂತೆ, ಯೂನಿವರ್ಸಿಟಿಯಿಂದ ಒಬ್ಬ ಬಂದು ಹಳ್ಳಿಯವರನ್ನ ಎತ್ತಿಕಟ್ತಿದ್ದಾನೆ ಅಂತ. ಆ ಸಾಹೇಬ್ರಿಗೆ ಪೂಜೆ ಭಯ ಇರ್ಲಿಲ್ಲ ಸಾರ್. ನಿಮ್ಮ ಭಯ ಇತ್ತು.”

ಬಸ್ಸಿನ ಎಂಜಿನ್ ಶಾಖ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ನಾನು ಹುಡುಕುತ್ತಾ ತಿರುಗಿದ ಗುಂಪು ನಾನೇ ಎಂದು ಒಂದು ಊರು ಅಂದುಕೊಂಡಿತ್ತು. ನಾನು ಊರಿನಲ್ಲಿ ಗುಂಪೇ ಇಲ್ಲ ಎಂದು ಬರೆದು ಕಳಿಸಿದ್ದೆ. ಯಾರ ನೆನಪು ಸರಿ? ನನ್ನದೂ ಅಲ್ಲದಿರಬಹುದು, ರತ್ನಳದೂ ಪೂರ್ತಿ ಅಲ್ಲದಿರಬಹುದು. ಬಸ್ಸು ಸುತ್ತಿದ್ದನ್ನು ಮಾತ್ರ ಈಗಷ್ಟೇ ಒಳಗೆ ಕೂತು ನೋಡಿದ್ದೆ.

“ಹಾಗಾದ್ರೆ ಸಂಘ ಅಂತ ಇದ್ದದ್ದು ಯಾವುದು?”

“ನೀವು ಬಂದ ದಿನಾನೇ ಅಪ್ಪ ಹೇಳಿದ್ರಂತಲ್ಲ ನಿಮ್ಗೆ,” ಎಂದು ಆಕೆ ನಕ್ಕರು. “ಮನೆಯಲ್ಲಿ ಹೇಳಿ ಹೇಳಿ ನಗ್ತಿದ್ರು. ಇದನ್ನ ಹಿಡ್ಕೊಳ್ಳಿ ಸಾರ್, ನಿಂಬೆಹಣ್ಣು ಇಟ್ಟು ಬರ್ತೀನಿ.”

ತಟ್ಟೆ ನನ್ನ ಕೈಗೆ ಬಂತು. ಯಾರೋ ಅದರಲ್ಲಿ ಕರ್ಪೂರ ಹಚ್ಚಿಬಿಟ್ಟರು. ಡ್ರೈವರ್ ಎಳೆ ವಯಸ್ಸಿನವನು. ಕಿಟಕಿಯಿಂದ ತಲೆ ಹೊರಹಾಕಿ, “ಬೇಗ ಮುಗಿಸಿ ಅಕ್ಕಾ, ಹಿಂದೆ ಗಾಡಿ ನಿಂತಿದೆ,” ಎಂದ. ಆಮೇಲೆ ಹೆಂಗಸರ ನಡುವೆ ತಟ್ಟೆ ಹಿಡಿದು ನಿಂತ ನನ್ನನ್ನು ಕಂಡು ಕುತೂಹಲದಿಂದ ಕೇಳಿದ. “ಯಾವ ಸಂಘದೋರು ಸಾರ್ ನೀವು?”

ರತ್ನ ಚಕ್ರದ ಬಳಿಯಿಂದ ತಲೆಯೆತ್ತಿ ನೋಡಿದರು. ನನ್ನ ಕೈಯ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಸುಮ್ಮನೆ ನೋಡುತ್ತಿದ್ದೇನೆ ಎಂದು ಹೇಳುವಂತಿರಲಿಲ್ಲ.

“ಹಾಲಿನ ಸಂಘ,” ಎಂದೆ.